ನೀರು ಬಿಡುವ ಲ್ಯಾಪ್‌ಟಾಪ್ ಏಳದ ದಿನ

ಬುಧವಾರ ಬೆಳಿಗ್ಗೆ ಒಂಬತ್ತು ಗಂಟೆಗೆ ಫಕೀರಪ್ಪ ಮಡಿವಾಳರ ಎಂಬಾತ ಹಿರೇಹೊಂಡ ಪುರಸಭೆಯ ನೀರು ನಿಯಂತ್ರಣ ಕೊಠಡಿಯ ಬೀಗ ತೆಗೆದ. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಿ, ಮೇಜಿನ ಮೇಲಿದ್ದ ಲ್ಯಾಪ್‌ಟಾಪಿನ ಗುಂಡಿ ಒತ್ತಿದ. ಫ್ಯಾನು ತಿರುಗಿತು. ಕಿತ್ತಳೆ ಬಣ್ಣದ ದೀಪ ಮೂರು ಸಲ ಮಿಣುಕಿತು. ಆಮೇಲೆ ದೀಪವೂ ಆರಿತು, ಫ್ಯಾನೂ ನಿಂತಿತು. ಪರದೆ ಕಪ್ಪಗೇ ಉಳಿಯಿತು.

ಮತ್ತೆ ಆರು ಸಲ ಒತ್ತಿದ. ಏಳನೆಯ ಸಲ ಕೈಯನ್ನು ಅಂಗಿಗೆ ಒರೆಸಿಕೊಂಡು, ಸ್ವಲ್ಪ ಮೆತ್ತಗೆ ಒತ್ತಿ ನೋಡಿದ. ಏನೂ ವ್ಯತ್ಯಾಸವಾಗಲಿಲ್ಲ. ಎಂಜಿನಿಯರಿಗೆ ಫೋನು ಮಾಡಿದ.

"ಸಾಹೇಬ್ರ, ಲ್ಯಾಪ್‌ಟಾಪ್ ಏಳವಲ್ದರಿ."

"ಚಾರ್ಜ್ ಇದೆಯಾ?"

"ತುಂಬ ಐತ್ರಿ."

"ಒಂದ್ಸಲ ಆಫ್ ಮಾಡಿ ಆನ್ ಮಾಡಿ."

"ಆಫ್ ಆಗೇ ಐತ್ರಿ. ಆನ್ ಆಗವಲ್ದು, ಅದಕ್ಕ ನಿಮಗ ಫೋನ್ ಹಚ್ಚೇನಿ."

ಎಂಜಿನಿಯರ್ ಲೋಹಿತ್ ಅರಸ್ ಮೈಸೂರಿನವನು. ಇಪ್ಪತ್ತೇಳು ವರ್ಷ, ಹಿರೇಹೊಂಡಕ್ಕೆ ಬಂದು ಐದು ತಿಂಗಳು. ಅವನು ಹತ್ತು ನಿಮಿಷದಲ್ಲಿ ಓಡಿಬಂದ. ಬಂದವನು ತಾನೂ ಏಳು ಸಲ ಗುಂಡಿ ಒತ್ತಿದ. ಎಂಜಿನಿಯರ್ ಒತ್ತಿದರೆ ಎದ್ದೀತೇನೋ ಎಂದು ಫಕೀರಪ್ಪ ಬಾಗಿ ನೋಡುತ್ತಿದ್ದ. ಅದು ಅವನಿಗೂ ಏಳಲಿಲ್ಲ.

ಹಿರೇಹೊಂಡಕ್ಕೆ ನೀರು ಬರುವುದು ಎಂಟು ದಿನಕ್ಕೊಮ್ಮೆ. ಹೊಳೆಯ ದಂಡೆಯಲ್ಲಿದ್ದ ಒಂದೇ ಪಂಪನ್ನು ಎಂಟು ಊರುಗಳು ಸರದಿಯ ಮೇಲೆ ಹಂಚಿಕೊಂಡಿದ್ದವು. ಈ ಊರಿನ ಸರದಿ ಅವತ್ತೇ ಸಂಜೆ ನಾಲ್ಕಕ್ಕೆ. ನಾಲ್ಕೂ ಕಾಲರೊಳಗೆ ವಾಲ್ವುಗಳು ತೆರೆಯದಿದ್ದರೆ ಪಂಪು ತಾನಾಗಿಯೇ ಮುಂದಿನ ಊರಿನ ಕಡೆ ಹೊರಳುತ್ತಿತ್ತು. ಆಮೇಲೆ ಎಂಟು ದಿನ ಕಾಯಬೇಕು. ಅಂದರೆ ಊರಿನ ಕೊಡಗಳಿಗೆ ಒಟ್ಟು ಹದಿನಾರು ದಿನ ನೀರಿಲ್ಲ.

ಹಿಂದೆ ವಾಲ್ವುಗಳನ್ನು ಕೈಯಿಂದಲೇ ತಿರುಗಿಸುತ್ತಿದ್ದರು. ಇಪ್ಪತ್ತೆರಡು ವರ್ಷ ಆ ಕೆಲಸ ಮಾಡಿದ ನೀರಗಂಟಿ ಇದೇ ಫಕೀರಪ್ಪ. ಹೆಗಲ ಮೇಲೆ ಕಬ್ಬಿಣದ ಉದ್ದನೆಯ ಚಾವಿ ಹೊತ್ತು ಓಣಿ ಓಣಿ ತಿರುಗುತ್ತಿದ್ದ. ಅಜ್ಜನ ಕಾಲದ ಪೈಪುಗಳು, ನಲವತ್ಮೂರು ವಾಲ್ವುಗಳು. ಯಾವುದನ್ನು ಮೊದಲು ತೆರೆಯಬೇಕು, ಯಾವುದನ್ನು ಅರ್ಧ ತೆರೆದು ಎಷ್ಟು ಹೊತ್ತು ಕಾಯಬೇಕು ಎಂಬುದು ಅವನ ಕೈಗೆ ಮಾತ್ರ ಗೊತ್ತಿತ್ತು. ಆಮೇಲೆ ಎಲ್ಲ ವಾಲ್ವುಗಳಿಗೂ ಮೋಟಾರು ಬಂದವು. ಚಾವಿಯೂ ತಿರುಗಿಸುವ ಹಿಡಿಕೆಗಳೂ ಇನ್ನೇಕೆ ಎಂದು ಗುಜರಿಗೆ ಹಾಕಿದರು. ಮೊದಲು ತಂದ ಕಂಪ್ಯೂಟರು ಲೆಕ್ಕ ಹಾಕಿ ವಾಲ್ವು ತೆರೆದು, ಒಂದೇ ತಿಂಗಳಲ್ಲಿ ಮೂರು ಕಡೆ ಪೈಪು ಒಡೆಯಿತು. ಅದರ ನಂತರ ಬಂದದ್ದು ಈ ಬೂಸರ ಲ್ಯಾಪ್‌ಟಾಪ್.

ಜನ ಅದನ್ನು ಹಾಗೆ ಕರೆಯುತ್ತಿದ್ದದ್ದು ತಮಾಷೆಗಲ್ಲ. ಅದರ ಹೊಟ್ಟೆಯಲ್ಲಿ ಚಿಪ್ಪಿನ ಬದಲು ಅಂಗೈಯಗಲದ ಗಾಜಿನ ಬಿಲ್ಲೆ, ಬಿಲ್ಲೆಯೊಳಗೆ ಜೀವಂತ ಬೂಸರು. ಹಳೆಯ ರೊಟ್ಟಿಯ ಮೇಲೆ ಬರುತ್ತದಲ್ಲ, ಅದರದೇ ದೂರದ ಬಳಗ. ಕೂದಲಿಗಿಂತ ಸಣ್ಣ ಎಳೆಗಳು, ಲಕ್ಷಗಟ್ಟಲೆ. ಹೆಚ್ಚು ಬಳಸಿದ ಎಳೆ ದಪ್ಪವಾಗುತ್ತದೆ, ಬಳಸದ್ದು ಸೊರಗುತ್ತದೆ. ಹಾಗೆ ಅದು ಕಲಿಯುತ್ತದೆ. ಪ್ರತಿದಿನ ಬೆಳಿಗ್ಗೆ ಗುಂಡಿ ಒತ್ತಿದರೆ ಅಡಿಯ ತಟ್ಟೆ ಬೆಚ್ಚಗಾಗಿ, ಒಂದು ಹನಿ ಸಕ್ಕರೆ ನೀರು ಬಿಲ್ಲೆಗೆ ಇಳಿಯುತ್ತದೆ. ಬೂಸರು ಮೈಮುರಿದು ಸುತ್ತಲಿನ ಬಿಸಿ, ತೇವ, ಗಾಳಿ ಎಲ್ಲ ನಿನ್ನೆಯ ಹಾಗೇ ಇವೆಯೇ ಎಂದು ನೋಡಿಕೊಳ್ಳುತ್ತದೆ. ಇವೆ ಎನಿಸಿದರೆ ಏಳುತ್ತದೆ. ಇಲ್ಲವೆನಿಸಿದರೆ ಮುದುಡಿ ಮಲಗುತ್ತದೆ. ಸಂಜೆ ಆರಕ್ಕೆ ಅದನ್ನು ಮಲಗಿಸಬೇಕು, ಭಾನುವಾರ ಪೂರ್ತಿ ಬಿಡುವು ಕೊಡಬೇಕು.

ಫಕೀರಪ್ಪ ಮೂರು ವರ್ಷ ಅದರ ಮುಂದೆ ಕೂತು ತನ್ನ ಕೈಗೆ ಗೊತ್ತಿದ್ದನ್ನೆಲ್ಲ ಅದಕ್ಕೆ ಕಲಿಸಿದ್ದ. ಬದಲಿ ಲ್ಯಾಪ್‌ಟಾಪ್ ಒಂದಿತ್ತು. ಅದು ಬಂದ ದಿನದಿಂದಲೂ ಪುರಸಭೆ ಅಧ್ಯಕ್ಷರ ಮನೆಯಲ್ಲಿದ್ದು, ಅದಕ್ಕೆ ಅವರ ಮೊಮ್ಮಕ್ಕಳ ಕಾರಿನ ಆಟಗಳು ಬಿಟ್ಟರೆ ಬೇರೇನೂ ಬರುತ್ತಿರಲಿಲ್ಲ.

"ಇಲ್ಲಿ ಯಾರಾದ್ರೂ ರಿಪೇರಿ ಮಾಡೋರು ಇದ್ದಾರಾ?" ಅರಸ್ ಕೇಳಿದ.

"ಸುನಂದಾ ಬಡಿಗೇರ ಅಂತ ಅದಾರ್ರಿ, ಬಸ್ ಸ್ಟ್ಯಾಂಡ್ ಬಾಜೂಕ."

"ಕರೆಸಿ."

*

ಅದೇ ಹೊತ್ತಿಗೆ ಕುಂಬಾರ ಓಣಿಯಲ್ಲಿ ಫಕೀರಪ್ಪನ ಹೆಂಡತಿ ನೀಲವ್ವ ಕೊಡಗಳನ್ನು ಹುಣಸೆಹಣ್ಣು ಹಚ್ಚಿ ತಿಕ್ಕುತ್ತಿದ್ದಳು. ಶುಕ್ರವಾರ ಮಗಳ ಕುಬಸ. ಬಸುರಿ ಮಗಳಿಗೆ ಹಸಿರು ಬಳೆ, ಹಸಿರು ಸೀರೆ, ನೂರು ಜನರ ಊಟ. ತೊಟ್ಟಿಯಲ್ಲಿ ಉಳಿದದ್ದು ಮೊಣಕೈ ಮುಳುಗದಷ್ಟು ನೀರು.

ಕಟ್ಟೆಯ ಮೇಲೆ ಕೂತ ಹೆಂಗಸರಿಗೆ ಆಗಲೇ ಸುದ್ದಿ ಮುಟ್ಟಿತ್ತು. "ನಿಮ್ಮನಿಯವ್ರನ್ನ ಕೇಳ್ರಿ, ನೀಲವ್ವಕ್ಕ. ನೀರು ಬರತಾವೋ ಇಲ್ಲೋ?" ಎಂದು ಒಬ್ಬೊಬ್ಬರೇ ಕೇಳತೊಡಗಿದರು. ನೀರಗಂಟಿಯ ಹೆಂಡತಿ ಎಂಬ ಮರ್ಯಾದೆಯಲ್ಲಿ ಇಪ್ಪತ್ತೈದು ವರ್ಷ ಬದುಕಿದವಳು ನೀಲವ್ವ. ಗಂಡನಿಗೆ ಫೋನು ಮಾಡಿದಳು.

"ನೀರು ಬರತಾವೇನ್ರಿ?"

"ಬರತಾವ."

"ಎಷ್ಟಕ್ಕ?"

"ಬರತಾವಂತ ಹೇಳಿದ್ನಲ್ಲ."

ಗಂಡನ ಧ್ವನಿ ಕೇಳಿದ ಮೇಲೆ ನೀಲವ್ವ ತೊಟ್ಟಿಯಲ್ಲಿದ್ದ ನೀರಿನ ಮೇಲೆ ಮುಚ್ಚಳ ಹಾಕಿದಳು. ಅವತ್ತು ಮಧ್ಯಾಹ್ನ ಮನೆಯಲ್ಲಿ ಯಾರೂ ಕೈ ತೊಳೆಯಲು ಚೊಂಬು ಬಳಸಲಿಲ್ಲ, ಲೋಟ ಬಳಸಿದರು.

*

ಸುನಂದಾ ಬಡಿಗೇರಳಿಗೆ ನಲವತ್ತೊಂದು ವರ್ಷ. ತಂದೆಯ ರೇಡಿಯೋ ಅಂಗಡಿಯಲ್ಲಿ ಬೆಸುಗೆ ಹಾಕುವುದನ್ನು ಕಲಿತು, ಟಿವಿ, ಮೊಬೈಲು, ಲ್ಯಾಪ್‌ಟಾಪು ಎಂದು ಒಂದೊಂದೇ ಕಾಲ ದಾಟಿ ಬಂದವಳು. ಒಂದು ಚೀಲ, ಒಂದು ಟಾರ್ಚು, ಕೊರಳಿಗೆ ನೇತುಹಾಕಿದ ಭೂತಗನ್ನಡಿ. ಬಂದವಳು ಮೊದಲು ಗೋಡೆಯ ಪ್ಲಗ್ಗಿಗೆ ಟೇಬಲ್ ಫ್ಯಾನು ಹಚ್ಚಿ ನೋಡಿದಳು. ಫ್ಯಾನು ತಿರುಗಿತು. ಚಾರ್ಜರನ್ನು ಪರೀಕ್ಷಿಸಿದಳು. ಸರಿ ಇತ್ತು. ಬ್ಯಾಟರಿ ಕಿತ್ತು ಪಕ್ಕಕ್ಕಿಟ್ಟು, ಗುಂಡಿಯನ್ನು ಅರ್ಧ ನಿಮಿಷ ಒತ್ತಿ ಹಿಡಿದಳು.

"ಬ್ಯಾಟರಿ ಇಲ್ದೆ ಗುಂಡಿ ಒತ್ತಿದ್ರೆ ಏನಾಗುತ್ತೆ ಮೇಡಂ?" ಅರಸ್ ಕೇಳಿದ.

"ಒಳಗ ಉಳಿದ ಕರೆಂಟ್ ಖಾಲಿ ಆಕ್ಕತ್ರಿ ಸರ್. ಎಷ್ಟೋ ಸಲ ಅಷ್ಟಕ್ಕ ಎದ್ದ ಬಿಡತಾವ."

ಬ್ಯಾಟರಿ ಹಾಕಿ ಒತ್ತಿದಳು. ಮೂರು ಸಲ ಮಿಣುಕಿ ಆರಿತು. ಬೇರೆ ಪರದೆ ಜೋಡಿಸಿದಳು, ಅದೂ ಕಪ್ಪಗೇ ಇತ್ತು. ಕೀಬೋರ್ಡಿನ ತಂತಿ, ಫ್ಯಾನಿನ ತಂತಿ ಎಲ್ಲ ಬಿಚ್ಚಿ ಮತ್ತೆ ಸೇರಿಸಿದಳು. ಕೊನೆಗೆ ಹಿಂದಿನ ಮುಚ್ಚಳ ತೆಗೆದು ಭೂತಗನ್ನಡಿಯಲ್ಲಿ ಬಿಲ್ಲೆಯನ್ನು ನೋಡಿದಳು. ಬೂಸರು ಕೆನೆಯ ಬಣ್ಣದಲ್ಲಿ, ಅಂಚಿನವರೆಗೂ ಹರಡಿಕೊಂಡು ಚೆನ್ನಾಗಿತ್ತು.

"ಸತ್ತಿಲ್ಲ. ಮೈಯಾಗ ಆರಾಮ ಐತಿ. ಆದ್ರ ಏಳೂ ಮನಸಿಲ್ಲ."

"ಯಂತ್ರಕ್ಕೆ ಮನಸ್ಸು ಅಂದ್ರೆ ಹೇಗೆ ಮೇಡಂ?"

"ನಾ ಹೇಳೂದಲ್ರಿ ಸರ್. ಅದನ್ನ ಬೆಳೆಸಿದವ್ರನ್ನ ಕೇಳೂಣು."

ಮಧ್ಯಾಹ್ನ ಒಂದು ಗಂಟೆಗೆ ಧಾರವಾಡದ ಪ್ರಯೋಗಾಲಯಕ್ಕೆ ವೀಡಿಯೋ ಕರೆ ಹೋಯಿತು. ಅತ್ತ ಕಡೆ ಬಂದವರು ಡಾ. ಶುಭಾಂಗಿ ಗಲಗಲಿ. ಬಿಳಿ ಕೋಟು, ಮೂಗಿನ ತುದಿಗಿಳಿದ ಕನ್ನಡಕ. ಅವರ ಹಿಂದೆ ನೆಲದಿಂದ ಮಾಳಿಗೆಯವರೆಗೆ ಕಪಾಟುಗಳು, ಕಪಾಟುಗಳ ತುಂಬ ಹಪ್ಪಳ ಒಣಹಾಕಿದ ಹಾಗೆ ಗಾಜಿನ ಬಿಲ್ಲೆಗಳು. ಸುನಂದಾ ಹೇಳಿದ್ದನ್ನೆಲ್ಲ ಕೇಳಿ, ಬಿಲ್ಲೆಯನ್ನು ಕ್ಯಾಮೆರಾದ ಹತ್ತಿರ ಹಿಡಿಸಿ ನೋಡಿದರು.

"ಇದು ರೋಗ ಅಲ್ಲ," ಎಂದರು. "ಇದಕ್ಕ ಬೆಳಗಾಗೇದ ಅಂತ ಗೊತ್ತಾಗಿಲ್ಲ. ಮೂರು ವರ್ಷ ದಿನಾ ಬೆಳಿಗ್ಗೆ ಏನೋ ಒಂದು ಇದಕ್ಕ ಮುಟ್ಟತಿತ್ತು. ವಾಸನಿ ಇರಬಹುದು, ಧೂಳು ಇರಬಹುದು. ಅದು ಬಂದ್ರ ಬೆಳಗಾತು ಅಂತ ತಾನ ತಿಳಕೊಂಡದ. ಈಗ ಅದು ಬಂದಿಲ್ಲ."

"ಆ ಏನೋ ಒಂದು ಯಾವುದು ಅಂತ ನಿಮಗೆ ಕಾಣಲ್ವಾ?" ಅರಸ್ ಕೇಳಿದ.

"ಇಲ್ಲಿಂದ ಹೆಂಗ ಕಾಣಬೇಕು? ಹ್ವಾದ ತಿಂಗಳ ಒಬ್ಬ ವಕೀಲರ ಲ್ಯಾಪ್‌ಟಾಪ್ ಬಂದಿತ್ತು. ಮಲ್ಲಿಗಿ ಹೂವಿನ ವಾಸನಿ ಬರೂತನಕ ಏಳಂಗಿಲ್ಲ. ಅವರ ಮನ್ಯಾಗ ಯಾರೂ ಮಲ್ಲಿಗಿ ಮುಡಿಯಂಗಿಲ್ಲಂತ. ಮತ್ತ ಇದು ಎಲ್ಲಿಂದ ಬಂತು ಅಂದ್ರ ವಕೀಲರು ಹೇಳವಲ್ರು, ಅವರ ಹೆಂಡತಿ ನನಗ ದಿನಾ ಫೋನ್ ಮಾಡತಾರ." ಅವರು ಕನ್ನಡಕ ಸರಿಮಾಡಿಕೊಂಡರು. "ಯಂತ್ರಾ ಬಿಚ್ಚೋದು ಸಾಕು. ಮಂದೀನ್ನ ಕೇಳ್ರಿ. ಈ ವಾರ ಏನು ಬದಲಾತು ಅಂತ."

ಸುನಂದಾ ತನ್ನ ಸ್ಕ್ರೂಡ್ರೈವರನ್ನು ಚೀಲಕ್ಕೆ ಹಾಕಿಕೊಂಡಳು. ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡು ಕೇಳಿದಳು.

"ಈ ವಾರ ಹೊಸದಾಗಿ ಏನರ ಮಾಡೀರೇನು? ಇಲ್ಲಾ ದಿನಾ ಮಾಡೂದನ್ನ ಬಿಟ್ಟೀರೇನು?"

"ನಾನೇನೂ ಮಾಡಿಲ್ಲ," ಎಂದ ಅರಸ್.

"ನಾನೂ ಏನೂ ಮಾಡಿಲ್ಲವಾ ತಂಗಿ," ಎಂದ ಫಕೀರಪ್ಪ.

ಸುನಂದಾಗೆ ಈ ಉತ್ತರ ಹೊಸದಲ್ಲ. ಅವಳ ಅಂಗಡಿಗೆ ಬಂದ ಲ್ಯಾಪ್‌ಟಾಪುಗಳಲ್ಲಿ ಚಹಾ ಚೆಲ್ಲಿದ್ದು ಒಂದೂ ಇರಲಿಲ್ಲ. ಎಲ್ಲವೂ ತಾವಾಗಿಯೇ ಒದ್ದೆಯಾದವು. ಅವಳು ಮುಚ್ಚಳವನ್ನು ಮತ್ತೊಮ್ಮೆ ತಿರುಗಿಸಿ ನೋಡಿ, "ಇದಕ್ಕ ಹತ್ತು ಸ್ಕ್ರೂ ಇರಬೇಕ್ರಿ ಸರ್. ನಾ ಬಿಚ್ಚಿದಾಗ ಒಂಬತ್ತ ಇದ್ದುವು," ಎಂದಳು.

ಅರಸ್ ಪ್ಯಾಂಟಿನ ಜೇಬಿಗೆ ಕೈ ಹಾಕಿ ಒಂದು ಸಣ್ಣ ಸ್ಕ್ರೂ ತೆಗೆದು ಮೇಜಿನ ಮೇಲಿಟ್ಟ.

"ನಿನ್ನೆ ಸಂಜೆ ಸ್ವಲ್ಪ ಬಿಚ್ಚಿದ್ದೆ," ಎಂದ. "ಎರಡು ದಿನದಿಂದ ನಿಧಾನವಾಗಿ ಏಳ್ತಾ ಇತ್ತು. ವೀಡಿಯೋ ನೋಡ್ಕೊಂಡು ಕ್ಲೀನ್ ಮಾಡ್ದೆ. ಬಿಲ್ಲೆ ಮುಟ್ಟಿಲ್ಲ, ಆಣೆಗೂ. ಕೀಬೋರ್ಡು, ಗಾಳಿ ಕಿಂಡಿ ಅಷ್ಟೇ. ಸ್ಪಿರಿಟ್ ಹಾಕಿ ಒರೆಸಿದೆ."

"ಯಾಕ ಒರಿಸಿದ್ರಿ?"

"ಗಲೀಜಾಗಿತ್ತು ಮೇಡಂ. ಎಲ್ಲಾ ಕಂದು ಪುಡಿ. ಕಾಫಿ ಪುಡಿ ಅಂದ್ಕೊಂಡೆ."

"ಹಿರೇಹೊಂಡದಾಗ ಕಾಫಿ ಯಾರು ಕುಡಿತಾರ್ರಿ?"

ಒರೆಸಿದ ಬಟ್ಟೆ ಕಸದ ಬುಟ್ಟಿಯಲ್ಲಿಯೇ ಇತ್ತು. ಸುನಂದಾ ಅದನ್ನು ಚಿಮಟಿಯಿಂದ ಎತ್ತಿ ಮೂಗಿನ ಹತ್ತಿರ ತಂದಳು. ಒಮ್ಮೆ, ಬೆಕ್ಕು ಸೀನಿದ ಹಾಗೆ, ಚಿಕ್ಕದಾಗಿ ಸೀನಿದಳು. ಕಣ್ಣೊರೆಸಿಕೊಂಡು ಫಕೀರಪ್ಪನನ್ನು ನೋಡಿದಳು.

"ಕಾಕಾ, ನಮ್ಮಪ್ಪನೂ ತಪಕೀರ ಏರಸತಿದ್ರು. ನನಗ ಈ ವಾಸನಿ ಗೊತ್ತೈತಿ."

*

ತಪಕೀರ ಎಂದರೆ ನಶ್ಯ, ಮೂಗಿಗೇರಿಸುವ ಹೊಗೆಸೊಪ್ಪಿನ ಪುಡಿ. ಹನ್ನೊಂದು ವರ್ಷದ ಹಿಂದೆ ಫಕೀರಪ್ಪ ಹೆಂಡತಿಯ ತಲೆ ಮುಟ್ಟಿ ಅದನ್ನು ಬಿಡುತ್ತೇನೆಂದು ಆಣೆ ಮಾಡಿದ್ದ. ಮನೆಯಲ್ಲಿ ಬಿಟ್ಟೂ ಇದ್ದ. ಆದರೆ ಹೊರಗೆ ಬಿಟ್ಟಿರಲಿಲ್ಲ. ಈ ಯಂತ್ರ ಬಂದ ಮೇಲೆ ದಿನಾ ಬೆಳಿಗ್ಗೆ ಒಂಬತ್ತಕ್ಕೆ ಕೊಠಡಿಯ ಬಾಗಿಲು ಮುಂದೆ ಮಾಡಿಕೊಂಡು, ಗುಂಡಿ ಒತ್ತಿ, ಯಂತ್ರ ಏಳುವಷ್ಟರಲ್ಲಿ ಒಂದು ಚಿಟಿಕೆ ಏರಿಸಿ, ಕೀಬೋರ್ಡಿನ ಮೇಲೆ ಬಾಗಿ ಒಂದು ದೊಡ್ಡ ಸೀನು ಸೀನುತ್ತಿದ್ದ. ದಿನಕ್ಕೆ ಅದೊಂದೇ. ಆ ಸೀನಿನಲ್ಲಿ ಲವಂಗ, ಪಚ್ಚಕರ್ಪೂರ ಬೆರೆಸಿ ತಾನೇ ಅರೆದುಕೊಂಡ ಪುಡಿ ಇರುತ್ತಿತ್ತು.

"ಈಗ ಯಾಕ ಬಿಟ್ರಿ?" ಸುನಂದಾ ಕೇಳಿದಳು.

ಫಕೀರಪ್ಪ ನೆಲ ನೋಡುತ್ತ ಹೇಳಿದ. ಮೂಗಿನೊಳಗೆ ಒಂದು ಹುಣ್ಣು ಎರಡು ತಿಂಗಳಿನಿಂದ ಮಾಯುತ್ತಿರಲಿಲ್ಲ. ಶನಿವಾರ ಒಬ್ಬನೇ ಹುಬ್ಬಳ್ಳಿಗೆ ಹೋಗಿ ತೋರಿಸಿದ. ವೈದ್ಯರು ಚೂರು ಮಾಂಸ ತೆಗೆದು ಪರೀಕ್ಷೆಗೆ ಕಳಿಸಿದರು. ಫಲಿತಾಂಶ ಬರಲು ಎರಡು ವಾರ. ಅಲ್ಲಿಯವರೆಗೆ, ಆಮೇಲೆಯೂ, ಒಂದು ಕಣ ತಪಕೀರ ಮೂಗಿಗೆ ಹೋದರೆ ನನ್ನ ಹತ್ತಿರ ಬರಬೇಡ ಎಂದಿದ್ದರು.

"ಮನಿಯಾಗ?"

"ಹೇಳಿಲ್ಲ. ಹೆಂಗ ಹೇಳ್ಲಿ? ಹುಣ್ಣು ಯಾಕಾತು ಅಂತ ಕೇಳತಾಳ. ಹನ್ನೊಂದ ವರ್ಷದ ಸುಳ್ಳು ಹೊರಗ ಬರತೈತಿ."

ಲೆಕ್ಕ ಸರಿಹೋಗಿತ್ತು. ಸೋಮವಾರ, ಮಂಗಳವಾರ ಕಿಂಡಿಯಲ್ಲಿ ಉಳಿದ ಹಳೆಯ ಪುಡಿಯ ವಾಸನೆಗೆ ಯಂತ್ರ ಹೇಗೋ ಎದ್ದಿತ್ತು. ಅರಸ್ ಅದನ್ನೂ ಒರೆಸಿ ಹಾಕಿದ. ಇಬ್ಬರೂ ಒಳ್ಳೆಯ ಕೆಲಸವನ್ನೇ ಮಾಡಿದ್ದರು.

"ಪುಡಿ ಇನ್ನೂ ಐತೇನು ಕಾಕಾ?"

ಫಕೀರಪ್ಪ ಎದ್ದು ಹೋಗಿ, ಫ್ಯೂಸ್ ಪೆಟ್ಟಿಗೆಯ ಹಿಂದಿನಿಂದ ಒಂದು ತಗಡಿನ ಡಬ್ಬಿ ತೆಗೆದು ತಂದ. ಎಸೆಯಬೇಕೆಂದು ನಾಲ್ಕು ದಿನ ಪ್ರಯತ್ನಪಟ್ಟಿದ್ದ, ಆಗಿರಲಿಲ್ಲ.

ಗಡಿಯಾರ ಮೂರು ತೋರಿಸುತ್ತಿತ್ತು. ಸುನಂದಾ ಒಂದು ಚಿಟಿಕೆ ಪುಡಿಯನ್ನು ಗಾಳಿ ಕಿಂಡಿಗೆ ಉದುರಿಸಿ ಗುಂಡಿ ಒತ್ತಿದಳು. ದೀಪ ಮೂರರ ಬದಲು ಐದು ಸಲ ಮಿಣುಕಿತು. ಮೂವರೂ ಪರದೆಯತ್ತ ಬಾಗಿದರು. ಆರಿತು.

ಮತ್ತೆ ಧಾರವಾಡಕ್ಕೆ ಕರೆ. ಡಾ. ಗಲಗಲಿ ಎಲ್ಲ ಕೇಳಿಸಿಕೊಂಡು, "ಬರೇ ಪುಡಿ ಸಾಲಂಗಿಲ್ಲ," ಎಂದರು. "ಅದಕ್ಕ ಬೇಕಾಗಿದ್ದು ಸೀನು. ಬಿಸಿ, ಹಸಿ, ಜೋರಿನ ಗಾಳಿ, ಅದರಾಗ ಈ ಪುಡಿ. ಯಾರರೆ ಒಬ್ಬರು ಸರಿಯಾಗಿ ಸೀನ್ರಿ."

"ನಾ ಸೀನತೇನಿ," ಎಂದು ಫಕೀರಪ್ಪ ಡಬ್ಬಿಗೆ ಕೈಚಾಚಿದ. ಸುನಂದಾ ಡಬ್ಬಿಯನ್ನು ಹಿಂದಕ್ಕೆ ಎಳೆದುಕೊಂಡಳು.

"ಕೊಡಿ ಮೇಡಂ," ಎಂದ ಅರಸ್. "ಕ್ಲೀನ್ ಮಾಡಿದ್ದು ನಾನು."

ಅವನು ಜೀವಮಾನದಲ್ಲಿ ತಪಕೀರ ಮುಟ್ಟಿದವನಲ್ಲ. ಒಂದು ಚಿಟಿಕೆಗೆ ಬದಲು ಅರ್ಧ ಚಮಚ ಏರಿಸಿದ. ಮುಖ ಕೆಂಪಾಯಿತು, ಕಿವಿ ಕೆಂಪಾಯಿತು, ಕಣ್ಣಿನಿಂದ ಧಾರೆ ಇಳಿಯಿತು. ಬಾಯಿ ತೆರೆದು, ತಲೆ ಹಿಂದಕ್ಕೆ ಹಾಕಿ, ಒಂದು ಕೈ ಮೇಲೆತ್ತಿ ನಿಂತ. ಸುನಂದಾ ಲ್ಯಾಪ್‌ಟಾಪನ್ನು ಎತ್ತಿ ಅವನ ಮುಖದ ಕೆಳಗೆ ಹಿಡಿದಳು.

"ಬರ್ತಾ ಇದೆ," ಎಂದ. "ಬರ್ತಾ ಇದೆ. ಬಂತು." ಎಲ್ಲರೂ ಕಾದರು. ಕೈ ಕೆಳಗಿಳಿಯಿತು. "ಹೋಯ್ತು."

ಐದು ಸಲ ಬಂದು ಐದು ಸಲ ಹೋಯಿತು. ಸುನಂದಾ ಪ್ರಯತ್ನಿಸಿದಳು, ಅವಳದು ಮತ್ತೆ ಅದೇ ಬೆಕ್ಕಿನ ಸೀನು. ದೀಪ ಏಳು ಸಲ ಮಿಣುಕಿ, ಇಷ್ಟೇನಾ ಎಂಬ ಹಾಗೆ ಆರಿತು. ಮೂರೂ ನಲವತ್ತಾಗಿತ್ತು. ಹೊರಗೆ ಕೊಡಗಳ ಸದ್ದು ಕೇಳತೊಡಗಿತು.

ಫಕೀರಪ್ಪ ಎದ್ದು ನಿಂತ. "ತಂಗಿ, ಡಬ್ಬಿ ಕೊಡು. ನಲವತ್ತು ಸಾವಿರ ಮಂದಿ ಅದಾರ. ಒಂದ ಚಿಟಿಕಿಗೆ ಏನೂ ಆಗಂಗಿಲ್ಲ."

"ಏನಕ್ಕ ಏನೂ ಆಗಂಗಿಲ್ಲ?"

ಬಾಗಿಲಲ್ಲಿ ನೀಲವ್ವ ನಿಂತಿದ್ದಳು. ಸೊಂಟದಲ್ಲಿ ತೊಳೆದ ಕೊಡ, ಹಿಂದೆ ಕುಂಬಾರ ಓಣಿಯ ಹೆಂಗಸರು. ಅವಳು ಗಂಡನನ್ನು ನೋಡಿದಳು, ಸುನಂದಾಳ ಕೈಯ ಡಬ್ಬಿ ನೋಡಿದಳು. ಕೊಡವನ್ನು ನಿಧಾನವಾಗಿ ಕೆಳಗಿಟ್ಟಳು.

ಹೇಳದೆ ಗತಿಯಿರಲಿಲ್ಲ. ಫಕೀರಪ್ಪ ಎಲ್ಲವನ್ನೂ ಹೇಳಿದ: ದಿನಕ್ಕೊಂದು ಚಿಟಿಕೆ, ಹುಬ್ಬಳ್ಳಿ, ಹುಣ್ಣು, ಪರೀಕ್ಷೆಗೆ ಹೋದ ಮಾಂಸದ ಚೂರು, ಈ ಯಂತ್ರ. ಹೇಳುವಾಗ ಅವನ ಧ್ವನಿ ಶಾಲೆಯಲ್ಲಿ ಪಾಠ ಒಪ್ಪಿಸುವವನ ಹಾಗಿತ್ತು. ಹಿಂದೆ ನಿಂತ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಹನ್ನೊಂದ ವರ್ಷ," ಎಂದಳು ನೀಲವ್ವ.

"ಹೌದು."

"ನನ್ನ ತಲಿ ಮುಟ್ಟಿ."

"ಹೌದು."

ನೀಲವ್ವ ಸೆರಗಿನಿಂದ ಕಣ್ಣು ಒತ್ತಿಕೊಂಡಳು. ಆಮೇಲೆ ಗಂಡನ ಕಡೆ ನೋಡದೆ ಸುನಂದಾಳನ್ನು ಕೇಳಿದಳು. "ಇವ್ರ ಸೀನಬೇಕಂತೇನಿಲ್ಲಲ್ಲ? ಯಾರ ಸೀನಿದ್ರೂ ನಡಿತೈತಿ?"

"ನಡಿತೈತಿ ಕಾಕು. ಜೋರ ಇರಬೇಕಷ್ಟ."

"ತಾ ಇಲ್ಲಿ."

"ನೀ ಬ್ಯಾಡ, ನೀಲವ್ವ," ಎಂದ ಫಕೀರಪ್ಪ.

"ನೀವು ಮಾತಾಡಬ್ಯಾಡ್ರಿ. ನಿಮ್ಮ ಕೂಡ ಮಾತಾಡೂದು ಮನಿಯಾಗ ಐತಿ."

ಆ ಆಣೆಗೂ ಹಿಂದಿನ ಹದಿನೈದು ವರ್ಷ ತಾನು ಶಪಿಸಿದ ಆ ಪುಡಿಯನ್ನು ನೀಲವ್ವ ಎರಡು ಬೆರಳಲ್ಲಿ ತೆಗೆದುಕೊಂಡಳು. ಗಂಡ ಏರಿಸುತ್ತಿದ್ದದ್ದನ್ನು ನೋಡಿ ನೋಡಿ ಅವಳಿಗೆ ರೀತಿ ಗೊತ್ತಿತ್ತು. ಎಡಗಡೆ ಒಮ್ಮೆ, ಬಲಗಡೆ ಒಮ್ಮೆ. ಸುನಂದಾ ಗುಂಡಿ ಒತ್ತಿ ಲ್ಯಾಪ್‌ಟಾಪನ್ನು ಎದುರಿಗೆ ಹಿಡಿದಳು.

ಮೊದಲು ಏನೂ ಆಗಲಿಲ್ಲ. ನೀಲವ್ವ ತನಗೇನಾಗುತ್ತಿದೆ ಎಂದು ಕೇಳಿಸಿಕೊಳ್ಳುವವಳ ಹಾಗೆ ತಲೆ ವಾರೆ ಮಾಡಿ ನಿಂತಳು. ಆಮೇಲೆ ಸೀನಿದಳು. ಗೋಡೆಯ ಕ್ಯಾಲೆಂಡರು ಮೊಳೆಯಿಂದ ಜಾರಿತು. ಅರಸ್ ಒಂದು ಹೆಜ್ಜೆ ಹಿಂದೆ ಸರಿದ. ಹೊರಗೆ ನಿಂತಿದ್ದವರಲ್ಲಿ ಯಾರದೋ ಕೊಡ ಕೈಜಾರಿ ಉರುಳಿತು.

ದೀಪ ಮಿಣುಕಿತು. ಮೂರು, ಐದು, ಏಳು, ಒಂಬತ್ತು. ಕಿತ್ತಳೆ ಬಣ್ಣ ಹಸಿರಿಗೆ ತಿರುಗಿತು. ಪರದೆ ಬೆಳಗಿ, ಅದರ ಮೇಲೆ ಊರಿನ ನಕಾಶೆ, ನಲವತ್ಮೂರು ಕೆಂಪು ಚುಕ್ಕಿಗಳು ಮೂಡಿದವು. ಅರಸ್ ಮೆಲ್ಲಗೆ ಕುರ್ಚಿಯಲ್ಲಿ ಕುಸಿದ. ಕೂತ ಮೇಲೆ ಅವನಿಗೆ ಸೀನು ಬಂತು, ಒಂದರ ಹಿಂದೊಂದು ಹದಿನಾಲ್ಕು.

ನಾಲ್ಕೂ ಎರಡಕ್ಕೆ ಮೊದಲ ವಾಲ್ವು ಹಸಿರಾಯಿತು. ಕೋಟೆ ಗಲ್ಲಿಯದು, ಅರ್ಧ ಮಾತ್ರ. ಫಕೀರಪ್ಪ ಕಲಿಸಿದ ಹಾಗೆಯೇ ಯಂತ್ರ ತುಸು ಹೊತ್ತು ಕಾದು, ಎರಡನೆಯದನ್ನು ತೆರೆಯಿತು. ಹೆಂಗಸರು ಓಣಿಗಳ ಕಡೆ ಓಡಿದರು. ಫಕೀರಪ್ಪ ಪರದೆ ನೋಡುತ್ತಿರಲಿಲ್ಲ. ಕೊಡ ಎತ್ತಿಕೊಂಡು ಹೊರಟ ಹೆಂಡತಿಯ ಬೆನ್ನು ನೋಡುತ್ತಿದ್ದ.

*

ಯಂತ್ರದ ಚಟ ಬಿಡಿಸಲು ಡಾ. ಗಲಗಲಿ ಮೂರು ವಾರದ ಪಥ್ಯ ಬರೆದುಕೊಟ್ಟರು. ಒಮ್ಮೆಲೇ ಬಿಡಿಸಿದರೆ ಮತ್ತೆ ಮಲಗುತ್ತದೆ. ದಿನಾ ಪುಡಿ ಚೂರು ಚೂರು ಕಡಿಮೆ ಮಾಡಬೇಕು, ಜೊತೆಗೆ ಬಿಸಿನೀರಿನ ಹಬೆ ಹೆಚ್ಚಿಸಬೇಕು. ಅಲ್ಲಿಯವರೆಗೆ ಬೆಳಿಗ್ಗೆ ಯಾರಾದರೂ ಸೀನಲೇಬೇಕು. ಅರಸ್‌ನ ಸೀನು ಇಪ್ಪತ್ತು ನಿಮಿಷ ತಡವಾಗಿ ಬರುತ್ತಿತ್ತು. ಹಾಗಾಗಿ ನೀಲವ್ವನೇ ದಿನಾ ಒಂಬತ್ತಕ್ಕೆ ಬಂದಳು. ಹಾಜರಿ ಪುಸ್ತಕದಲ್ಲಿ ಅವಳ ಹುದ್ದೆಯ ಹೆಸರು ಏನೆಂದು ಬರೆಯಬೇಕೋ ತಿಳಿಯದೆ, ಅರಸ್ ಒಂದು ಮಧ್ಯಾಹ್ನ ಪೂರ್ತಿ ಯೋಚಿಸಿ 'ಯಂತ್ರ ಜಾಗೃತಿ ಸಹಾಯಕಿ' ಎಂದು ಬರೆದ.

ಕುಬಸ ಚೆನ್ನಾಗಿ ಆಯಿತು. ಆದರೆ ಮನೆಯಲ್ಲಿ ನೀಲವ್ವ ಗಂಡನೊಡನೆ ಮಾತಾಡಲಿಲ್ಲ. ಊಟ ಬಡಿಸುತ್ತಿದ್ದಳು, ಮೂಗಿಗೆ ಹಚ್ಚುವ ಮುಲಾಮನ್ನು ತಟ್ಟೆಯ ಪಕ್ಕದಲ್ಲಿಡುತ್ತಿದ್ದಳು. ಅಷ್ಟೇ.

ಎರಡನೆಯ ಭಾನುವಾರ ಯಂತ್ರಕ್ಕೆ ಬಿಡುವು. ಬೆಳಿಗ್ಗೆ ಫಕೀರಪ್ಪ ಪಡಸಾಲೆಯಲ್ಲಿ ಕೂತಿದ್ದ. ಅಡುಗೆಮನೆಯಲ್ಲಿ ಡಬ್ಬಿಗಳ ಸದ್ದು ಜೋರಾಗಿತ್ತು. ನೀಲವ್ವ ರೊಟ್ಟಿ ಬಡಿಯುತ್ತ ನಡುವೆ ಎದ್ದಳು, ಕೂತಳು, ಕಿಟಕಿಯ ಹತ್ತಿರ ಹೋದಳು, ಬಂದಳು. ಹಾಲಿಗೆ ಉಪ್ಪು ಹಾಕಿದಳು. ಬೆಕ್ಕಿಗೆ ಬೈದಳು. ಗಡಿಯಾರ ಒಂಬತ್ತೂ ಕಾಲು ತೋರಿಸುತ್ತಿತ್ತು. ಫಕೀರಪ್ಪ ಎದ್ದು ಬಾಗಿಲಿಗೆ ಬಂದು ನಿಂತ.

"ತಲಿ ಹಿಡದೈತೇನು?"

ನೀಲವ್ವ ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿದಳು.

"ಮೂಗಿನ ತುದಿ ಇಲ್ಲಿ, ಒಂದ ಥರಾ ತುರಸತೈತೇನು? ಏನೋ ಮರತ ಬಂದಂಗ?"

ನೀಲವ್ವ ಹಿಟ್ಟಿನ ಕೈಯಲ್ಲಿಯೇ ಗೋಡೆಗೆ ಒರಗಿ ಕೂತಳು. ಹನ್ನೊಂದು ದಿನಗಳಲ್ಲಿ ಮೊದಲ ಸಲ ಅವನ ಮುಖ ನೋಡಿದಳು.

"ನಿಮಗೂ ಹಿಂಗ ಆಗತಿತ್ತೇನ್ರಿ?"

"ಇದಕ್ಕಿಂತ ಜಾಸ್ತಿ."

"ಹತ್ತ ದಿನಕ್ಕ ನನಗ ಇಷ್ಟ ಆಗತೈತಿ," ಎಂದಳು ಅವಳು. "ಮತ್ತ ನೀವು ಒಬ್ಬರ ಹೆಂಗ ತಡಕೊಂಡ್ರಿ, ಯಾರಿಗೂ ಹೇಳದ?"

"ತಡಕೊಂಡಿಲ್ಲ. ದಿನಾ ಫ್ಯೂಸ್ ಪೆಟ್ಟಿಗಿತನಕ ಹೋಗಿ ವಾಪಸ್ ಬರತಿದ್ದೆ."

ನೀಲವ್ವ ನಕ್ಕಳು. ನಗು ಬಂದದ್ದಕ್ಕೆ ಸಿಟ್ಟೂ ಬಂದು, ಮುಖ ಆ ಕಡೆ ತಿರುಗಿಸಿಕೊಂಡಳು. ಫಕೀರಪ್ಪ ಒಳಗೆ ಬಂದು ಉಪ್ಪು ಬಿದ್ದ ಹಾಲನ್ನು ಚೆಲ್ಲಿ, ಪಾತ್ರೆ ತೊಳೆದು, ಶುಂಠಿ ಜಜ್ಜಿ ಚಹಾಕ್ಕಿಟ್ಟ. ಮದುವೆಯಾದಾಗಿನಿಂದ ಅವನು ಮಾಡಿದ ಮೊದಲ ಚಹಾ ಅದು. ಪುಡಿ ಎಷ್ಟು ಹಾಕಬೇಕೆಂದು ಅವನಿಗೆ ತಿಳಿಯಲಿಲ್ಲ, ಅವಳು ಹೇಳಲೂ ಇಲ್ಲ.

ಮರುವಾರ ಹುಬ್ಬಳ್ಳಿಯಿಂದ ವರದಿ ಬಂತು. ಹುಣ್ಣು ಕೆಟ್ಟದ್ದಲ್ಲ, ಈಗ ಬಿಟ್ಟರೆ ಮಾಯುತ್ತದೆ ಎಂದಿತ್ತು. ಅದನ್ನು ತರಲು ಈ ಸಲ ಇಬ್ಬರೂ ಹೋಗಿದ್ದರು. ಬಸ್ಸಿನಲ್ಲಿ ಮುಂದಿನ ಸೀಟಿನ ಮುದುಕನೊಬ್ಬ ಡಬ್ಬಿ ತೆಗೆದು ಬೆರಳಿನಿಂದ ತಟ್ಟಿದ. ಲವಂಗದ ವಾಸನೆ ಬಂತು. ಫಕೀರಪ್ಪ ಕಿಟಕಿಯ ಕಡೆ ಮುಖ ಮಾಡಿದ. ನೀಲವ್ವ ಅವನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಅವನಿಗಾಗಿ ಹಿಡಿದಳೋ ತನಗಾಗಿ ಹಿಡಿದಳೋ ಅವನು ಕೇಳಲಿಲ್ಲ. ಊರು ಬರುವವರೆಗೂ ಇಬ್ಬರೂ ಹಾಗೇ ಕೂತಿದ್ದರು.